ತಾರೀಖು ತಪ್ಪಿದರೂ ಸೆಕೆಂಡು ತಪ್ಪದ ಪೆಟ್ಟಿಗೆ

ಮೈಸೂರಿನ ಯಾದವಗಿರಿಯ ಹಳೆಯ ಮನೆಯೊಂದರ ಮಹಡಿ ಕೋಣೆಯಲ್ಲಿ, ಇವತ್ತು ಯಾವ ತಾರೀಖು ಎಂದು ಗೊತ್ತಿಲ್ಲದ ಒಂದು ಪೆಟ್ಟಿಗೆಯಿದೆ. ಅದಕ್ಕೆ ಕಂಪ್ಯೂಟರ್ ಜೋಡಿಸಿ ನೋಡಿದರೆ ಸುಮಾರು ಹತ್ತೊಂಬತ್ತೂವರೆ ವರ್ಷ ಹಿಂದಿನ ಯಾವುದೋ ದಿನವನ್ನು ತೋರಿಸುತ್ತದೆ. ಆದರೆ ಒಂದು ಸೆಕೆಂಡು ಎಂದರೆ ಎಷ್ಟು ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು. ದಿನದ ಸರಾಸರಿ ತೆಗೆದರೆ ಅದರ ಲೆಕ್ಕದಲ್ಲಿ ಸಾವಿರ ಕೋಟಿಯಲ್ಲಿ ಒಂದು ಪಾಲಿನಷ್ಟೂ ತಪ್ಪು ಸಿಗುವುದಿಲ್ಲ.

ಈ ಪೆಟ್ಟಿಗೆಯನ್ನು ನೋಡಲೆಂದೇ ನಾನು ಹೋದದ್ದು. ಹೆಸರು ಟ್ರಿಂಬಲ್ ಥಂಡರ್‌ಬೋಲ್ಟ್. ಹುಟ್ಟಿದ್ದು ಹ್ಯಾಮ್ ರೇಡಿಯೊ ಎಂಬ ಹವ್ಯಾಸಕ್ಕಾಗಿ ಅಲ್ಲ, ದೂರಸಂಪರ್ಕ ಕಂಪನಿಗಳಿಗಾಗಿ. ಸಿಡಿಎಂಎ ಕಾಲದ ಮೊಬೈಲ್ ಟವರುಗಳು ಒಂದಕ್ಕೊಂದು ತಾಳೆಯಾಗಿ ನಡೆಯಬೇಕಾದರೆ ಪ್ರತಿ ಟವರಿಗೂ ಜಿಪಿಎಸ್ ಉಪಗ್ರಹಗಳಿಂದ ಕಾಲ ಬೇಕಿತ್ತು. ಆ ಜಾಲಗಳು ಒಂದೊಂದಾಗಿ ಮುಚ್ಚಿಹೋದಾಗ ಇಂಥ ಯಂತ್ರಗಳು ಗುಜರಿಗೆ ಬಿದ್ದವು. ಅಲ್ಲಿಂದ ಕೈಯಿಂದ ಕೈಗೆ ದಾಟಿ ಲೋಕದ ಎಷ್ಟೋ ಹವ್ಯಾಸಿಗಳ ಕೋಣೆ ಸೇರಿದವು. ಒಂದು ಈ ಮಹಡಿಗೂ ಬಂತು.

ಇದನ್ನು ತಂದವರು ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು. ಹೆಸರು ಹಾಕಬೇಡಿ, ಪೆಟ್ಟಿಗೆಯ ಬಗ್ಗೆ ಬರೆದರೆ ಸಾಕು ಎಂದಿದ್ದಾರೆ. ಹಾಗಾಗಿ ಇಲ್ಲಿ ಮೇಷ್ಟ್ರು ಎಂದೇ ಕರೆಯುತ್ತೇನೆ. ವಿಯು2 ಎಂದು ಶುರುವಾಗುವ ಕಾಲ್‌ಸೈನ್ ಇಟ್ಟುಕೊಂಡು ದಶಕಗಳಿಂದ ಗಾಳಿಯಲ್ಲಿ ಮಾತಾಡುತ್ತ ಬಂದವರು. ಹ್ಯಾಮ್‌ಗಳು ತಮ್ಮ ರೇಡಿಯೊ ಕೋಣೆಯನ್ನು ಶ್ಯಾಕ್ ಎನ್ನುತ್ತಾರೆ. ಇವರ ಶ್ಯಾಕಿನಲ್ಲಿ ಎರಡು ಟ್ರಾನ್ಸೀವರ್, ಒಂದು ಹಳೆಯ ಆಸಿಲೋಸ್ಕೋಪ್, ಗೋಡೆಯಲ್ಲಿ ಒಂಟಿಕೊಪ್ಪಲು ಪಂಚಾಂಗ, ಪಂಚಾಂಗದ ಕೆಳಗೆ ಈ ಪೆಟ್ಟಿಗೆ.

ತಾರೀಖಿನ ಕಥೆ ಹೀಗೆ. ಜಿಪಿಎಸ್ ವ್ಯವಸ್ಥೆ ದಿನಗಳನ್ನು 1980ರ ಜನವರಿ 6ರಿಂದ ವಾರದ ಲೆಕ್ಕದಲ್ಲಿ ಎಣಿಸುತ್ತದೆ. ಆ ಕಾಲದಲ್ಲಿ ವಾರದ ಸಂಖ್ಯೆಗೆ ಕೊಟ್ಟ ಜಾಗ ಹತ್ತೇ ಬಿಟ್. ಹತ್ತು ಬಿಟ್‌ನಲ್ಲಿ ಸೊನ್ನೆಯಿಂದ 1023ರವರೆಗೆ ಎಣಿಸಬಹುದು, ಮುಂದಿನ ವಾರ ಮತ್ತೆ ಸೊನ್ನೆ. 1024 ವಾರವೆಂದರೆ ಹತ್ತೊಂಬತ್ತು ವರ್ಷ, ಏಳು ತಿಂಗಳ ಮೇಲೊಂದಿಷ್ಟು ದಿನ. 1999ರ ಆಗಸ್ಟ್‌ನಲ್ಲೊಮ್ಮೆ, 2019ರ ಏಪ್ರಿಲ್‌ನಲ್ಲೊಮ್ಮೆ ಇಡೀ ವ್ಯವಸ್ಥೆಯ ಎಣಿಕೆ ಹೀಗೆ ಸೊನ್ನೆಗೆ ಮರಳಿತು. ಈಗ ಯಾವ ಸುತ್ತು ನಡೆದಿದೆ ಎಂಬುದನ್ನು ರಿಸೀವರ್ ತಾನೇ ಊಹಿಸಿಕೊಳ್ಳಬೇಕು. ಥಂಡರ್‌ಬೋಲ್ಟ್ ಮಾಡಿದವರು ಅದರೊಳಗೆ ಬರೆದಿಟ್ಟ ಊಹೆ 2017ರ ಜುಲೈವರೆಗೆ ಸರಿಯಾಗಿತ್ತು. ಜುಲೈ 30ರಂದು ಪೆಟ್ಟಿಗೆ 1997ರ ಡಿಸೆಂಬರ್ 14ಕ್ಕೆ ಮರಳಿತು. ಅವತ್ತು ಲೋಕದಲ್ಲಿ ಎಲ್ಲೆಲ್ಲಿ ಈ ಯಂತ್ರಗಳಿದ್ದವೋ ಅಲ್ಲೆಲ್ಲ ಹೀಗೇ ಆಯಿತು. ಅದಾದ ಮೇಲೂ ದಿನಕ್ಕೊಂದು ದಿನ ಸೇರಿಸಿಕೊಂಡೇ ಬಂದಿದೆ, ಆದರೆ ಬಿಟ್ಟುಹೋದ ಅಂತರ ತುಂಬಲಿಲ್ಲ.

ಸೆಕೆಂಡಿಗೆ ಮಾತ್ರ ಏನೂ ಆಗಲಿಲ್ಲ. ವಾರದ ಸಂಖ್ಯೆ ಬರೀ ಹೆಸರು. ಮಿಡಿತ ಬರುವುದು ಉಪಗ್ರಹದೊಳಗಿನ ಪರಮಾಣು ಗಡಿಯಾರದಿಂದ. ಎಸೆಯುವ ಬದಲು ಇಟ್ಟುಕೊಂಡಿದ್ದೀರಿ ಯಾಕೆ ಎಂದು ಮೇಷ್ಟರನ್ನು ಕೇಳಿದೆ. “ತಾರೀಖು ಪಂಚಾಂಗ ನೋಡಿ ತಿಳ್ಕೋತೀನಿ. ಇದರಿಂದ ನನಗೆ ಬೇಕಾಗಿರೋದು ಹತ್ತು ಮೆಗಾಹರ್ಟ್ಸ್” ಎಂದರು.

ಹತ್ತು ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ ಒಂದು ಕೋಟಿ ಕಂಪನ. ರೇಡಿಯೊ ಉಪಕರಣಗಳು ತಮ್ಮ ಕಂಪನಾಂಕವನ್ನು ಅಳೆದುಕೊಳ್ಳಲು ಬಳಸುವ ಮೂಲ ಅಳತೆ ಇದು. ಪೆಟ್ಟಿಗೆಯ ಒಳಗೆ ಒಂದು ಪುಟ್ಟ ಲೋಹದ ಡಬ್ಬಿ, ಡಬ್ಬಿಯೊಳಗೆ ಸ್ಫಟಿಕದ ಬಿಲ್ಲೆ. ಸ್ಫಟಿಕ ಬಿಸಿಲು ಚಳಿಗೆ ತನ್ನ ಕಂಪನ ಬದಲಿಸುತ್ತದೆ. ಆದ್ದರಿಂದ ಡಬ್ಬಿಯನ್ನೇ ಹೀಟರ್ ಇಟ್ಟು, ಹೊರಗಿನ ಯಾವ ಬೇಸಿಗೆಯೂ ಮುಟ್ಟದಷ್ಟು ಬಿಸಿಯಲ್ಲಿ ಒಂದೇ ಮಟ್ಟದಲ್ಲಿ ಕಾಯಿಸಿ ಇಡುತ್ತಾರೆ. ಇದಕ್ಕೆ ಓವನ್ ಆಸಿಲೇಟರ್ ಎಂದು ಹೆಸರು. ಇಷ್ಟು ಮಾಡಿದರೂ ವಯಸ್ಸಾದಂತೆ ಸ್ಫಟಿಕ ಸ್ವಲ್ಪಸ್ವಲ್ಪವೇ ಸರಿಯುತ್ತ ಹೋಗುತ್ತದೆ. ಆ ಸರಿಯುವಿಕೆಯನ್ನು ತಿದ್ದಲು ಸುಮಾರು 20,200 ಕಿಲೋಮೀಟರ್ ಎತ್ತರದ ಉಪಗ್ರಹಗಳು ಬೇಕು.

ಈ ಇಬ್ಬರಲ್ಲಿ ಒಬ್ಬರನ್ನೇ ನಂಬಿದರೆ ಕೆಲಸ ಕೆಡುತ್ತದೆ. ಸ್ಫಟಿಕ ಒಂದೆರಡು ನಿಮಿಷದ ಮಟ್ಟಿಗೆ ಅತ್ಯಂತ ಶಾಂತ, ತಿಂಗಳ ಮಟ್ಟಿಗೆ ಚಂಚಲ. ಜಿಪಿಎಸ್‌ನಿಂದ ಸೆಕೆಂಡಿಗೊಮ್ಮೆ ಸಿಗುವ ಮಿಡಿತ ಇದಕ್ಕೆ ತಿರುಗಾಮುರುಗಾ: ಒಂದು ಮಿಡಿತದಿಂದ ಇನ್ನೊಂದಕ್ಕೆ ಹತ್ತಾರು ನ್ಯಾನೊಸೆಕೆಂಡ್ ಅತ್ತಿತ್ತ ಅಲುಗಾಡುತ್ತದೆ, ಆದರೆ ದಿನಗಟ್ಟಲೆ ನೋಡಿದರೆ ಕದಲುವುದಿಲ್ಲ. ಪೆಟ್ಟಿಗೆ ಎರಡನ್ನೂ ಹೋಲಿಸುತ್ತ, ಸ್ಫಟಿಕಕ್ಕೆ ಕೊಡುವ ವೋಲ್ಟೇಜನ್ನು ಚೂರುಚೂರೇ ತಿದ್ದುತ್ತದೆ. ಎಷ್ಟು ಅವಸರದಲ್ಲಿ ತಿದ್ದಬೇಕು ಎಂಬುದೇ ಇಲ್ಲಿನ ಕಸುಬು. ತಿದ್ದುವ ನಿಧಾನವನ್ನು ಹೇಳುವ ಅಳತೆ ಸಮಯಾಂಕ; ಕಾರ್ಖಾನೆಯಿಂದ ಬರುವಾಗ ಇದಕ್ಕಿಟ್ಟಿರುವುದು 100 ಸೆಕೆಂಡು. ಮೇಷ್ಟ್ರು ಅದನ್ನು 500ಕ್ಕೆ ಏರಿಸಿದ್ದಾರೆ. ಒಳ್ಳೆಯ ಸ್ಫಟಿಕವನ್ನು ಘಳಿಗೆಗೊಮ್ಮೆ ತಿದ್ದಲು ಹೋಗಬಾರದು ಎಂಬುದು ಅವರ ಮತ. ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದವರ ಬಾಯಲ್ಲಿ ಆ ಮಾತು ಕೇಳುವುದು ನನಗೆ ಬಹಳ ಇಷ್ಟವಾಯಿತು.

ಪ್ರಾಯದಲ್ಲಿ ಅವರ ಹತ್ತಿರ ಇಂಥದ್ದೇನೂ ಇರಲಿಲ್ಲ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಆಗ ಎಟಿಎ ಎಂಬ ಹೆಸರಿನಲ್ಲಿ 10 ಮೆಗಾಹರ್ಟ್ಸ್‌ನಲ್ಲಿ ಕಾಲಸೂಚಿ ಪ್ರಸಾರ ನಡೆಸುತ್ತಿತ್ತು. ಅದನ್ನು ಹಿಡಿದು, ತಮ್ಮ ಸೆಟ್ಟಿನ ಕಂಪನವನ್ನು ಅದರ ಜೊತೆ ಬೆರೆಸಿ, ಎರಡರ ನಡುವಿನ ಏರಿಳಿತ ನಿಲ್ಲುವವರೆಗೆ ಕೂತು ತಿರುಪು ತಿರುಗಿಸುತ್ತಿದ್ದರಂತೆ. ತಂಬೂರಿಯ ಎರಡು ತಂತಿ ಹತ್ತಿರ ಬಂದಾಗ ನಾದ ಅಲೆಯಲೆಯಾಗಿ ತೂಗಿ, ಕೂಡಿದ ಕ್ಷಣ ನಿಂತುಬಿಡುತ್ತದಲ್ಲ, ಅದೇ ಕ್ರಿಯೆ ಇದು. ಎಟಿಎ ಈಗ ಇಲ್ಲ.

ಯಾದವಗಿರಿ ಬಡಾವಣೆಗೂ ರೇಡಿಯೊಗೂ ಇರುವ ನಂಟನ್ನು ಎರಡು ಮಾತಿನಲ್ಲಾದರೂ ಹೇಳದಿದ್ದರೆ ತಪ್ಪಾಗುತ್ತದೆ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರುಮಾಡಿದರು. ಅದೇ ‘ಆಕಾಶವಾಣಿ’. ಇವತ್ತಿನ ಮೈಸೂರು ಆಕಾಶವಾಣಿ ಕೇಂದ್ರ ಅಲ್ಲಿಂದ ಕೂಗಳತೆಯಲ್ಲಿದೆ. ದೇಶದ ಬಾನುಲಿಗೆ ಹೆಸರು ಕೊಟ್ಟದ್ದು ಒಬ್ಬ ಮೇಷ್ಟರ ಮನೆಯ ಕೋಣೆ.

ಈಗಿನ ಮೇಷ್ಟರಿಗೆ ಇಷ್ಟು ನಿಖರತೆ ಯಾತಕ್ಕೆ? ತಾರಸಿಯ ಮೇಲೆ ಪಡುವಣಕ್ಕೆ, ತುಸು ತೆಂಕಕ್ಕೆ ವಾಲಿದಂತೆ ಮುಖ ಮಾಡಿದ ಒಂದು ಡಿಶ್ ಇದೆ. ನೋಡುವುದಕ್ಕೆ ಟಿವಿ ಡಿಶ್, ನಿಜಕ್ಕೂ ಟಿವಿಯದೇ. ಅದು ನೋಡುತ್ತಿರುವುದು ಕತಾರ್ ದೇಶದ ಎಸ್‌ಹೇಲ್-2 ಉಪಗ್ರಹವನ್ನು. 2018ರ ನವೆಂಬರ್‌ನಲ್ಲಿ ಹಾರಿದ ಆ ಉಪಗ್ರಹದಲ್ಲಿ ಹ್ಯಾಮ್‌ಗಳಿಗೆಂದೇ ಒಂದು ಟ್ರಾನ್ಸ್‌ಪಾಂಡರ್ ಇದೆ, ಅದರ ಹೆಸರು ಕ್ಯೂಓ-100. ಭೂಸ್ಥಿರ ಕಕ್ಷೆಯಲ್ಲಿ ಹ್ಯಾಮ್‌ಗಳಿಗೆ ಸಿಕ್ಕ ಮೊದಲ ತಾಣ ಅದು. ಬ್ರೆಜಿಲ್‌ನಿಂದ ಥಾಯ್ಲೆಂಡ್‌ವರೆಗಿನ ದನಿಗಳು ಅಲ್ಲಿ ಹಗಲೂ ರಾತ್ರಿ ಕೇಳುತ್ತವೆ. ನಮ್ಮ ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದ ಹ್ಯಾಮ್‌ಸ್ಯಾಟ್ 2005ರ ಮೇ 5ರಂದು ಹಾರಿ, 2014ರವರೆಗೆ ಎಷ್ಟೋ ಹ್ಯಾಮ್‌ಗಳನ್ನು ಮಾತಾಡಿಸಿತು. ಆದರೆ ಅದು ಕೆಳಗಿನ ಕಕ್ಷೆಯದು. ಒಂದು ಸಲ ಬಂದರೆ ಕೆಲವೇ ನಿಮಿಷ ಸಿಗುತ್ತಿತ್ತು.

ಕ್ಯೂಓ-100 ಕೆಳಗೆ ಕಳಿಸುವುದು 10,489 ಮೆಗಾಹರ್ಟ್ಸ್‌ಗಿಂತ ಮೇಲೆ. ಅಷ್ಟು ಎತ್ತರದ ಕಂಪನಾಂಕದಲ್ಲಿ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ಹತ್ತು ಕಿಲೋಹರ್ಟ್ಸ್ ಆಚೆ ಹೋಗಿರುತ್ತೇವೆ. ಒಬ್ಬರ ದನಿಗೆ ಬೇಕಾದ ಜಾಗ ಮೂರು ಕಿಲೋಹರ್ಟ್ಸ್‌ಗೂ ಕಡಿಮೆ; ಅಂದರೆ ಮೂರು ಮನೆ ದಾಟಿ ಯಾರದೋ ಬಾಗಿಲು ತಟ್ಟಿದ ಹಾಗಾಯಿತು. ಡಿಶ್ಶಿನ ಮೂತಿಯಲ್ಲಿ ಕೂತು ಸಂಕೇತದ ಕಂಪನಾಂಕ ಇಳಿಸುವ ಎಲ್‌ಎನ್‌ಬಿ ಒಳಗೆ 25 ಮೆಗಾಹರ್ಟ್ಸ್‌ನ ಅಗ್ಗದ ಸ್ಫಟಿಕವಿರುತ್ತದೆ. ಅದನ್ನು 390 ಪಟ್ಟು ಮಾಡಿ 9,750 ಮೆಗಾಹರ್ಟ್ಸ್ ತಯಾರಿಸುತ್ತಾರೆ, ತಪ್ಪೂ 390 ಪಟ್ಟಾಗುತ್ತದೆ. ಬೆಳಗಿನ ಚಳಿಯಲ್ಲಿ ಹಿಡಿದ ಕೇಂದ್ರ ಬಿಸಿಲೇರುವಷ್ಟರಲ್ಲಿ ಎಲ್ಲಿಗೋ ಹೋಗಿರುತ್ತದೆ. ಮೇಷ್ಟ್ರು ಆ ಸ್ಫಟಿಕವನ್ನೇ ಕಿತ್ತು, ಪೆಟ್ಟಿಗೆಯ ಹತ್ತರಿಂದ ಇಪ್ಪತ್ತೈದು ಮಾಡಿ, ಬೇರೊಂದು ಕೇಬಲ್‌ನಲ್ಲಿ ತಾರಸಿಗೆ ಕಳಿಸುತ್ತಾರೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಸಣ್ಣ ಮೊನೆಯ ಸಾಲ್ಡರಿಂಗ್ ಐರನ್ ಹಿಡಿದು ಮಾಡಿದ ಕೆಲಸ.

ಉಳಿದ ಜೋಡಣೆ ಹೇಳುವುದಕ್ಕೆ ಸುಲಭ. ಪೆಟ್ಟಿಗೆಗೆ ಪ್ಲಸ್ 12, ಪ್ಲಸ್ 5, ಮೈನಸ್ 12 ಹೀಗೆ ಮೂರು ವೋಲ್ಟೇಜ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಟ್ರಾನ್ಸ್‌ಫಾರ್ಮರ್ ತಂದು ಪವರ್ ಸಪ್ಲೈ ಕಟ್ಟಿದ್ದಾರೆ. ಜಿಪಿಎಸ್ ಆಂಟೆನಾ ತಾರಸಿಯ ಕಂಬದ ತುದಿಯಲ್ಲಿ, ಪಕ್ಕದ ಮನೆಯ ತಗಡಿನ ಶೀಟಿಗಿಂತ ಮೇಲೆ. ತಗಡಿಗೆ ತಾಗಿ ತಿರುಗಿ ಬರುವ ಸಂಕೇತ ದಾರಿ ತಪ್ಪಿಸುತ್ತದೆ. ಆಮೇಲೆ ಪೆಟ್ಟಿಗೆ ತಾನು ಭೂಮಿಯ ಮೇಲೆ ಎಲ್ಲಿದ್ದೇನೆಂದು ಕಂಡುಕೊಳ್ಳಬೇಕು. ಲೇಡಿ ಹೆದರ್ ಎಂಬ ಉಚಿತ ಪ್ರೋಗ್ರಾಮ್ ಹಾಕಿ 48 ಗಂಟೆ ಸರ್ವೆ ಮಾಡಿಸಿದರೆ ಸ್ಥಾನ ಗಟ್ಟಿಯಾಗುತ್ತದೆ. ಅಲ್ಲಿಂದಾಚೆ ಉಪಗ್ರಹಗಳಿಂದ ಬರುವುದೆಲ್ಲ ಕಾಲದ ಲೆಕ್ಕಕ್ಕೇ ಮೀಸಲು.

ನಿಜವಾದ ಸಂಕಟ ಗುಡುಗು ಮಳೆಯದು. ಇಂಥ ಪೆಟ್ಟಿಗೆಯನ್ನು ಆರಿಸಬಾರದು. ಓವನ್ ತಣ್ಣಗಾದರೆ ಮತ್ತೆ ಕಾದು ನೆಲೆ ನಿಲ್ಲಲು ಹೊತ್ತು ಬೇಕು, ಸ್ಫಟಿಕ ಹಳೆಯ ಜಾಗಕ್ಕೇ ಮರಳುತ್ತದೆಂಬ ಭರವಸೆಯೂ ಇಲ್ಲ. ಆದರೆ ಮಿಂಚು ಬಂದಾಗ ತಾರಸಿಯಿಂದ ಇಳಿಯುವ ಪ್ರತಿ ತಂತಿಯನ್ನೂ ಕಳಚುವುದು ಹ್ಯಾಮ್‌ಗಳ ಮೊದಲ ಪಾಠ. ಏಪ್ರಿಲ್, ಮೇ ಸಂಜೆಗಳಲ್ಲಿ ಚಾಮುಂಡಿ ಬೆಟ್ಟದ ಕಡೆ ಮೋಡ ಕಟ್ಟಿದರೆ ಮೇಷ್ಟ್ರು ಮೆಟ್ಟಿಲು ಹತ್ತಿ ಆಂಟೆನಾ ಕಳಚುತ್ತಾರೆ, ಪೆಟ್ಟಿಗೆಯನ್ನು ಬ್ಯಾಟರಿಯ ಮೇಲೆ ಬಿಟ್ಟಿರುತ್ತಾರೆ. ಆಗ ಅದು ಅಷ್ಟು ದಿನ ಕಲಿತ ತಿದ್ದುಪಡಿಯನ್ನೇ ಹಿಡಿದು, ಉಪಗ್ರಹ ಕಾಣದ ಆ ಹೊತ್ತನ್ನು ಕಳೆಯುತ್ತದೆ. ಮಳೆ ನಿಂತ ಮೇಲೆ ಸಿಕ್ಕಿಸಿ, ಎಷ್ಟು ನ್ಯಾನೊಸೆಕೆಂಡ್ ಆಚೀಚೆಯಾಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಕನ್ನಡದಲ್ಲೇ ಬರೆಯುತ್ತಾರೆ, ದುಂಡು ಅಕ್ಷರ.

ಆ ನೋಟ್‌ಬುಕ್ಕುಗಳನ್ನು ಓದುತ್ತ ನನಗೆ ಅನಿಸಿದ್ದನ್ನು ಹೇಳಿಬಿಡುತ್ತೇನೆ. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಜಿಪಿಎಸ್‌ನಂಥ ನಮ್ಮದೇ ನಾವಿಕ್ ವ್ಯವಸ್ಥೆಯ ಸಂಚರಣ ಕೇಂದ್ರವಿದೆ. 2013ರಲ್ಲಿ ಹಾರಿಸಿದ ಅದರ ಮೊದಲ ಉಪಗ್ರಹದಲ್ಲಿ ಆಮದು ಮಾಡಿದ ಮೂರೂ ರುಬಿಡಿಯಂ ಗಡಿಯಾರಗಳು ಕೆಟ್ಟುಹೋದವು. ಅದಾದ ಮೇಲೆ ಇಸ್ರೊ ತನ್ನದೇ ರುಬಿಡಿಯಂ ಗಡಿಯಾರ ಮಾಡಿ, 2023ರ ಮೇ 29ರಂದು ಎನ್‌ವಿಎಸ್-01 ಉಪಗ್ರಹದಲ್ಲಿ ಕಳಿಸಿತು. ಕಾಲವನ್ನು ಅಳೆಯುವ ವಿದ್ಯೆ ಇಲ್ಲಿಯದಾಗಬೇಕಾದರೆ ಅದರ ರುಚಿ ಕಾಲೇಜಿನಲ್ಲೇ ಹತ್ತಬೇಕು. ಜಿಪಿಎಸ್ ಗಡಿಯಾರ ಮೇಲಕ್ಕೆ ಹೋದಾಗ ಸಾಪೇಕ್ಷತೆಯಿಂದ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ, ಅದಕ್ಕೆಂದೇ ಅದನ್ನು ನೆಲದ ಮೇಲೆ ನಿಧಾನಕ್ಕೆ ಇಟ್ಟು ಕಳಿಸುತ್ತಾರೆ. ಐನ್‌ಸ್ಟೈನ್ ಪಾಠ ಮಾಡಲು ಇಂಥ ಪೆಟ್ಟಿಗೆಗಿಂತ ಒಳ್ಳೆಯ ಉಪಕರಣ ಯಾವ ಪದವಿ ಕಾಲೇಜಿಗೆ ಸಿಕ್ಕೀತು? ಮೇಷ್ಟ್ರು ತಾವೇ ಮುಂದಾಗಿ ಒಂದು ಕಾಲೇಜಿಗೆ ಬರೆದಿದ್ದರು, ಪೆಟ್ಟಿಗೆ ಕೊಡುತ್ತೇನೆ, ವಾರಕ್ಕೊಮ್ಮೆ ಬಂದು ಹೇಳಿಕೊಡುತ್ತೇನೆ ಎಂದು. ತಾರಸಿಗೆ ಬೀಗ ಹಾಕಿರುತ್ತದೆ, ಹುಡುಗರನ್ನು ಹತ್ತಿಸುವಂತಿಲ್ಲ ಎಂದು ಉತ್ತರ ಬಂತು. ಆ ಕಾಗದವನ್ನೂ ನೋಟ್‌ಬುಕ್ಕಿನಲ್ಲಿ ಅಂಟಿಸಿಟ್ಟಿದ್ದಾರೆ.

ಇತ್ತೀಚೆಗೆ ಪಡುವಣದ ಹಂಚಿನ ಮನೆ ಮಾರಾಟವಾಗಿದೆ, ಅಲ್ಲಿ ಅಪಾರ್ಟ್‌ಮೆಂಟ್ ಏಳಲಿದೆ. ಮೈಸೂರಿಂದ ಕ್ಯೂಓ-100 ಕಾಣುವುದು ದಿಗಂತದಿಂದ ಸುಮಾರು 30 ಡಿಗ್ರಿ ಮೇಲೆ, ಸರಿಯಾಗಿ ಆ ನಿವೇಶನದ ನೆತ್ತಿಯಲ್ಲಿ. ಜಿಪಿಎಸ್‌ಗೆ ನಡುಬಾನು ಉಳಿದರೂ ನಡೆಯುತ್ತದೆ, ಡಿಶ್ಶಿಗೆ ನಡೆಯುವುದಿಲ್ಲ. ತಾರಸಿಯ ಮೂಡಣ ಮೂಲೆಗೆ ಸರಿಸಿದರೆ ಮೂರಂತಸ್ತಿನವರೆಗೆ ಪರವಾಗಿಲ್ಲ, ನಾಲ್ಕಾದರೆ ಆಗದು ಎಂದು ಮೇಷ್ಟ್ರು ಕೋನಮಾಪಕ ಹಿಡಿದು ಲೆಕ್ಕ ಹಾಕಿದ್ದಾರೆ. ಹೊರಡುವಾಗ ಇಬ್ಬರೂ ಆ ನಿವೇಶನದ ಹತ್ತಿರ ಹೋಗಿ, ಎಷ್ಟು ಅಂತಸ್ತು ಎಂದು ಮೇಸ್ತ್ರಿಯನ್ನು ಕೇಳಿದೆವು. “ಪ್ಲಾನ್ ಇನ್ನೂ ಕೈಗೆ ಬಂದಿಲ್ಲ ಸಾರ್” ಎಂದ.