ಹೊಸ ಮಂಡಿ ಹೊರುವ ಭಾರ, ಹೋಗದ ನೋವು

ಮೈಸೂರಿನಿಂದ ನಂಜನಗೂಡಿಗೆ ಸುಮಾರು 25 ಕಿಲೋಮೀಟರ್. ನಂಜುಂಡೇಶ್ವರನಿಗೆ ಹರಕೆ ಹೊತ್ತು ನಡೆದೇ ಹೋಗುವವರಿದ್ದಾರೆ. ಹೆಜ್ಜೆಗೆ 60 ಸೆಂಟಿಮೀಟರ್ ಅಂತ ಹಿಡಿದರೂ 41 ಸಾವಿರ ಹೆಜ್ಜೆ ದಾಟುತ್ತದೆ. ಒಂದು ಕಾಲಿನ ಪಾಲಿಗೆ 20 ಸಾವಿರಕ್ಕೂ ಹೆಚ್ಚು. ಬರ್ಲಿನ್ನಿನ ಸಂಶೋಧಕರು ಕೃತಕ ಮಂಡಿಯೊಳಗೇ ಅಳತೆಯ ಸಾಧನ ಇಟ್ಟು ನೋಡಿದ್ದಾರೆ. ಸಮನೆಲದಲ್ಲಿ ನಡೆಯುವಾಗ ಮಂಡಿಗೆ ಬೀಳುವುದು ಮೈತೂಕದ ಎರಡೂವರೆ ಪಟ್ಟಿಗೂ ಮೀರಿದ ಭಾರ. ಮೆಟ್ಟಿಲಿಳಿಯುವಾಗ ಹತ್ತಿರ ಹತ್ತಿರ ಮೂರೂವರೆ ಪಟ್ಟು. 60 ಕೆ.ಜಿ. ತೂಗುವವರಿಗೆ ಹೆಜ್ಜೆಗೆ 150 ಕೆ.ಜಿ. ಅಂದುಕೊಳ್ಳಿ. ಗುಡಿಯ ಗೋಪುರ ಕಾಣುವ ಹೊತ್ತಿಗೆ ಒಂದೊಂದು ಮಂಡಿಯೂ ಹೊತ್ತಿಳಿಸಿದ್ದು ಒಟ್ಟು ಮೂರು ಸಾವಿರ ಟನ್. ಹತ್ತು ಟನ್ನಿನ ಕಬ್ಬಿನ ಲಾರಿಯಾದರೆ 300 ಲೋಡು!

ಮಂಡಿ ಬದಲಿಸುವ ಆಪರೇಷನ್ ಆದಮೇಲೆ ಇಷ್ಟನ್ನೂ ತಡೆಯಬೇಕಾದ್ದು ಲೋಹದ ಎರಡು ತುಂಡು, ನಡುವೆ ಸೆಂಟಿಮೀಟರಿನ ಆಸುಪಾಸು ದಪ್ಪದ ಒಂದು ಪ್ಲಾಸ್ಟಿಕ್ ಬಿಲ್ಲೆ. ತಡೆಯುತ್ತದೆ ಕೂಡ. ಆಸ್ಟ್ರೇಲಿಯಾ, ಫಿನ್ಲೆಂಡ್ ದಾಖಲೆಗಳನ್ನು ಒಟ್ಟುಮಾಡಿ 2019ರಲ್ಲಿ ಪ್ರಕಟವಾದ ಲೆಕ್ಕದಂತೆ ನೂರರಲ್ಲಿ 82 ಕೃತಕ ಮಂಡಿಗಳು 25 ವರ್ಷ ಬಾಳುತ್ತವೆ.

ಮಂಡಿ ಬಾಳುತ್ತದೆ, ಆದರೆ ನೋವು? ಹೊರದೇಶಗಳ ಒಳ್ಳೆಯ ಅಧ್ಯಯನಗಳನ್ನು ನೋಡಿದರೆ ಆಪರೇಷನ್ ಆದ ಐವರಲ್ಲಿ ಒಬ್ಬರಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನೋವು ಉಳಿಯುತ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ ಲಕ್ಷಕ್ಕೂ ಮೀರಿ ಮಂಡಿ ಬದಲಾಗುತ್ತಿವೆ. ಅದೇ ಪ್ರಮಾಣ ಇಲ್ಲಿಗೂ ಅನ್ವಯಿಸಿದರೆ ವರ್ಷಕ್ಕೆ 20 ಸಾವಿರ ಜನ. ನಂಜನಗೂಡು ಪಟ್ಟಣದ ಜನಸಂಖ್ಯೆ 2011ರ ಗಣತಿಯಲ್ಲಿ ಸುಮಾರು 50 ಸಾವಿರ. ಎರಡೂವರೆ ವರ್ಷಕ್ಕೆ ಇಡೀ ನಂಜನಗೂಡಿನಷ್ಟು ಜನ! ಇದನ್ನು 'ಎಲ್ಲೋ ಒಬ್ಬಿಬ್ಬರ ಗೋಳು' ಅನ್ನಲಾಗದು.

ಈ ನೋವಿನ ಕಾರಣಗಳ ಅಳತೆ ಮಾತ್ರ ತೀರಾ ಕಿರಿದು. ಕಾಲಿನ ನೇರ ತಪ್ಪಿದರೂ ಮೂರು ಡಿಗ್ರಿಯೊಳಗೆ ಇರಲಿ ಅಂತ ಸರ್ಜನ್ನರು ಹೆಣಗುತ್ತಾರೆ. ಪ್ಲಾಸ್ಟಿಕ್ ಸವೆದು ಉದುರುವ ಎಷ್ಟೋ ಕಣಗಳು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ಸಣ್ಣವು. ಅವನ್ನು ನುಂಗಲು ಬರುವ ನಮ್ಮದೇ ಜೀವಕೋಶಗಳು ಎಬ್ಬಿಸುವ ಉರಿಯೂತ ಸುತ್ತಲಿನ ಮೂಳೆ ಕರಗಿಸುತ್ತದೆ, ಮಂಡಿ ಸಡಿಲವಾಗುತ್ತದೆ. ನೂರರಲ್ಲಿ ಒಬ್ಬಿಬ್ಬರಿಗೆ ಸೋಂಕು. ಅದು ಲೋಹಕ್ಕೆ ಅಂಟಿ ಪೊರೆ ಕಟ್ಟಿಕೊಂಡರೆ ಮಾತ್ರೆಗೆ ಬಗ್ಗುವುದಿಲ್ಲ. ಕೆಲವೊಮ್ಮೆ ತಪ್ಪು ಮಂಡಿಯದ್ದೇ ಅಲ್ಲ. ಮಲಗಿಸಿ, ಮಂಡಿ ಮಡಿಸಿ, ತೊಡೆಯನ್ನು ಒಳಕ್ಕೆ ತಿರುಗಿಸಿದಾಗ 'ಅಯ್ಯೋ, ಅದೇ ನೋವು' ಅಂದರೆ ಸೊಂಟದ ಕೀಲನ್ನು ನೋಡಬೇಕು. ಸವೆದ ಸೊಂಟ ಮಂಡಿಯಲ್ಲಿ ನೋಯುತ್ತದೆ. ಬೆನ್ನುಮೂಳೆಯಲ್ಲಿ ಒತ್ತಿಹೋದ ನರವೂ ಹಾಗೇ.

ಇನ್ನೊಂದು ಕಾರಣ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ತಿರುಮಕೂಡಲು ನರಸೀಪುರದ ಗದ್ದೆ ಬಯಲಲ್ಲಿ ಕೆಸರಿಗಿಳಿದು ನಾಟಿ ಹಾಕುವ ಹೆಂಗಸರನ್ನು ನೋಡಿ. ಮಂಡಿ ಹಿಡಿದುಕೊಂಡರೂ ಕೆಲಸ ಬಿಡುವ ಹಾಗಿಲ್ಲ. ಹತ್ತು ವರ್ಷ ನೋವನ್ನೇ ಕೇಳಿಸಿಕೊಂಡ ನರಮಂಡಲ ಸಣ್ಣ ಸದ್ದನ್ನೂ ದೊಡ್ಡದು ಮಾಡುವುದನ್ನು ಕಲಿತುಬಿಟ್ಟಿರುತ್ತದೆ. ಕೀಲು ಬದಲಾಯಿಸಿದ ಮಾತ್ರಕ್ಕೆ ಅದು ಮರೆಯುವುದಿಲ್ಲ. 'ಫಿಲ್ಮ್ ಸರಿಯಾಗೇ ಇದೆ, ನಿಮಗೆ ಮನಸ್ಸಿನದು' ಅಂತ ಹೇಳಿ ಕಳಿಸುವುದು ಅನ್ಯಾಯ. ಆ ನೋವು ನಿಜವಾದದ್ದು, ಅದಕ್ಕೆ ಬೇರೆ ಔಷಧ, ಬೇರೆ ವ್ಯಾಯಾಮ ಇವೆ.

ನಿಮ್ಮ ಮನೆಯಲ್ಲಿ ಅಮ್ಮನಿಗೋ ಅತ್ತೆಗೋ ಆಪರೇಷನ್ ಆಗಿ ಮೂರು ತಿಂಗಳಾದರೂ ನೋವು ಜೋರಾಗೇ ಇದ್ದರೆ 'ವಯಸ್ಸಾಯ್ತಲ್ಲ' ಅನ್ನಬೇಡಿ. ಸರ್ಜನ್ ಹತ್ತಿರ ಕರೆದುಕೊಂಡು ಹೋಗಿ; ಸೋಂಕಿಗೆ ರಕ್ತ ಪರೀಕ್ಷೆ, ಸೊಂಟ, ಬೆನ್ನು ಎಲ್ಲವನ್ನೂ ನೋಡಿ ಅಂತ ಬಾಯಿಬಿಟ್ಟು ಕೇಳಿ. ಜ್ವರ ಬಂದರೆ, ಗಾಯ ಒಸರಿದರೆ ಅವತ್ತೇ ಹೋಗಿ.