ಚಿಪ್ಪಿನೊಳಗಿದೆ ನೀರಿನ ಲೆಕ್ಕ

ಮೀನು ತಾಜಾ ಹೌದೋ ಅಲ್ಲವೋ ಎಂಬುದನ್ನು ಕಿವಿರು ನೋಡಿ ಹೇಳುವಷ್ಟು ಅನುಭವ ನಮ್ಮ ಹೋಟೆಲಿನವರಲ್ಲಿದೆ. ಆದರೆ ಮೀನಿನೊಳಗೆ ಸೇರಿದ ಪಾದರಸ, ಸೀಸ, ಕ್ಯಾಡ್ಮಿಯಂ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಅವು ಮೀನು ಬೆಳೆದ ನೀರಿನಿಂದಲೇ ಬರುತ್ತವೆ.

ಇದರ ಪರಿಣಾಮ ಎಷ್ಟು ಘೋರವೆಂಬುದನ್ನು ಜಪಾನಿನ ಮಿನಮಾಟಾ ತೋರಿಸಿಕೊಟ್ಟಿತು. ಅಲ್ಲಿ ರಾಸಾಯನಿಕ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸವು ಮೀನು, ಚಿಪ್ಪುಗಳಲ್ಲಿ ಸೇರಿತು. ಅದನ್ನು ತಿಂದವರ ನರಮಂಡಲವೇ ಕೆಟ್ಟುಹೋಯಿತು. ಈ ಕಾಯಿಲೆ 1956ರಲ್ಲಿ ಬೆಳಕಿಗೆ ಬಂದರೂ ಕಾರ್ಖಾನೆ ಆ ತ್ಯಾಜ್ಯವನ್ನು ನಿಲ್ಲಿಸಿದ್ದು 1968ರಲ್ಲಿ. ಹೆಚ್ಚು ನೊಂದವರು ಮೀನುಗಾರರ ಕುಟುಂಬದವರು.

ನೀರನ್ನು ಬಾಟಲಿಯಲ್ಲಿ ಹಿಡಿದು ಪರೀಕ್ಷಿಸಿದರೆ ಆ ಹೊತ್ತಿನ ಸ್ಥಿತಿ ಮಾತ್ರ ಗೊತ್ತಾಗುತ್ತದೆ. ಚಿಪ್ಪಿನ ಜೀವಿಯೋ ಒಂದೇ ಕಡೆ ಕುಳಿತು, ದಿನವಿಡೀ ನೀರು ಸೋಸಿ ಆಹಾರ ಪಡೆಯುತ್ತದೆ. ನೀರಿನಲ್ಲಿರುವ ವಿಷವೂ ತಿಂಗಳುಗಟ್ಟಲೆ ಅದರ ಮಾಂಸದಲ್ಲಿ ಕೂಡುತ್ತಾ ಹೋಗುತ್ತದೆ. 1975ರಲ್ಲಿ ಅಮೆರಿಕದ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ ಇದನ್ನೇ ಆಧರಿಸಿ 'ಮಸಲ್ ವಾಚ್' ಎಂಬ ಯೋಜನೆಯನ್ನು ಸೂಚಿಸಿದರು. 1986ರಿಂದ ಅಲ್ಲಿನ ಸರ್ಕಾರಿ ಸಂಸ್ಥೆ ನೋವಾ ತನ್ನ ಕರಾವಳಿಯ ನಿಗದಿತ ಜಾಗಗಳಿಂದ ಮತ್ತೆ ಮತ್ತೆ ಚಿಪ್ಪು ತಂದು ಪರೀಕ್ಷಿಸುವ ಕ್ರಮವನ್ನು ಆರಂಭಿಸಿತು. 1972ರಲ್ಲಿ ಅಲ್ಲಿ ನಿಷೇಧವಾದ ಡಿ.ಡಿ.ಟಿ. ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದು ಈ ಚಿಪ್ಪುಗಳಿಂದಲೇ ಸ್ಪಷ್ಟವಾಯಿತು.

ನಮ್ಮ ಅಡುಗೆಮನೆಗೂ ಇದಕ್ಕೂ ನೇರ ಸಂಬಂಧವಿದೆ. ಚೆನ್ನಾಗಿ ಬೇಯಿಸಿದರೆ ರೋಗಾಣುಗಳು ಸಾಯುತ್ತವೆ. ಪಾದರಸ, ಸೀಸ ಹೋಗುವುದಿಲ್ಲ. ಹುಳಿ ಹಾಕಿದರೂ ಅಷ್ಟೆ, ತವಾದಲ್ಲಿ ಹುರಿದರೂ ಅಷ್ಟೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ ಮಿಥೈಲ್ ಪಾದರಸದ ಮಿತಿ 0.25 ಪಿಪಿಎಂ. ಅಂದರೆ ಒಂದು ಕಿಲೋ ಮೀನಿಗೆ ಕಾಲು ಮಿಲಿಗ್ರಾಂ. ಬೇರೆ ಮೀನುಗಳನ್ನು ತಿಂದು ಬದುಕುವ ಶಾರ್ಕ್‌ನಂತಹ ದೊಡ್ಡ ಮೀನಿನಲ್ಲಿ ಇದು ಹೆಚ್ಚು ಕೂಡುತ್ತದೆ. ಬೂತಾಯಿ, ಬಂಗುಡೆಯಂತಹ ಸಣ್ಣ ಮೀನಿನಲ್ಲಿ ಸಾಮಾನ್ಯವಾಗಿ ಕಡಿಮೆ. ಗರ್ಭಿಣಿಯರು, ಮಕ್ಕಳ ವಿಷಯದಲ್ಲಿ ಇದನ್ನು ಮುಖ್ಯವಾಗಿ ನೆನಪಿಡಬೇಕು.

ಮುಂಬಯಿಯ ಠಾಣೆ ಖಾಡಿಯನ್ನೇ ನೋಡಿ. ಒಂದು ದಂಡೆಯಲ್ಲಿ ದಶಕಗಳಿಂದ ಕಾರ್ಖಾನೆಗಳಿವೆ. ಅದೇ ಖಾಡಿಯನ್ನು ನಂಬಿ ಕೋಳಿ ಮೀನುಗಾರರು ಬದುಕುತ್ತಿದ್ದಾರೆ. ಅಲ್ಲಿಯದೆಲ್ಲ ವಿಷವೆಂದು ಹೇಳಿ ಬಡವರ ಹೊಟ್ಟೆಯ ಮೇಲೆ ಹೊಡೆಯುವುದು ತಪ್ಪು. ಪರೀಕ್ಷೆಯೇ ಇಲ್ಲದೆ ಎಲ್ಲವೂ ಸರಿಯಿದೆ ಎನ್ನುವುದೂ ತಪ್ಪು.

ನಾವು ಮಾಡಬಹುದಾದದ್ದು ಇಷ್ಟು. ಮರುವಾಯಿ, ಸಿಗಡಿ, ಏಡಿ ಕೊಳ್ಳುವಾಗ ಯಾವ ಖಾಡಿಯದು, ಯಾವ ಬಂದರಿನದು ಎಂದು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳೋಣ. ಕಾರ್ಖಾನೆಯ ಕೊಳಚೆ ಸೇರುವ ಜಾಗದ ಚಿಪ್ಪು ಅಗ್ಗಕ್ಕೆ ಸಿಕ್ಕಿದರೂ ಬೇಡ. ಹತ್ತಿಪ್ಪತ್ತು ಹೋಟೆಲಿನವರು ಸೇರಿ ಖರ್ಚು ಹಂಚಿಕೊಂಡು, ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಮಾದರಿ ಕಳಿಸೋಣ. ಅದೂ ಪ್ರತಿವರ್ಷ, ಅದೇ ಜಾಗದ್ದು, ಅದೇ ಋತುವಿನಲ್ಲಿ. ಆಗಲೇ ನೀರು ಸುಧಾರಿಸುತ್ತಿದೆಯೋ ಕೆಡುತ್ತಿದೆಯೋ ಎಂಬುದು ಗೊತ್ತಾಗುತ್ತದೆ. ಕೆಡುತ್ತಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಮುಂದಿಡಲು ನಮ್ಮ ಕೈಯಲ್ಲೂ ಮೀನುಗಾರರ ಕೈಯಲ್ಲೂ ಒಂದು ದಾಖಲೆ ಇರುತ್ತದೆ.