ಸಂದಿಯ ಮೇಲೆ ಬೀಳುವ ಮೊಹರು

ಕವರಿನ ಬಾಯಿಗೆ ಗೋಂದು ಹಚ್ಚಿ ಮುಚ್ಚಿದ್ದು ಅಟೆಂಡರ್. ಅದರ ಮೇಲೆ ಅಡ್ಡವಾಗಿ ಸಹಿ ಹಾಕಿದ್ದು ಅಧೀಕ್ಷಕಿ. ಆಮೇಲೆ ಅವರು ಡ್ರಾಯರಿನಿಂದ ದುಂಡನೆಯ ಸೀಲು ತೆಗೆದು, ನೇರಳೆ ಶಾಯಿಯ ಪ್ಯಾಡಿಗೆ ತಟ್ಟಿ, ಕವರಿನ ಮಡಿಕೆ ಮುಗಿಯುವ ಗೆರೆ ಹುಡುಕಿ ಅದರ ಮೇಲೇ ಒತ್ತಿದರು. ಅರ್ಧ ವೃತ್ತ ಮಡಿಕೆಯ ಮೇಲೆ, ಇನ್ನರ್ಧ ಕವರಿನ ಮೈಮೇಲೆ. ಅದು ಅಳಿಸದಂತೆ ಒಂದು ಪಾರದರ್ಶಕ ಟೇಪು. ನಮ್ಮ ರಾಜ್ಯದ ಒಂದು ವಿಶ್ವವಿದ್ಯಾಲಯದ ಪರೀಕ್ಷಾಂಗ ವಿಭಾಗ ಅದು. ತಂಗಿಯ ಮಗಳು ಕೆನಡಾದ ಓದಿಗೆ ಅರ್ಜಿ ಹಾಕಿದ್ದಾಳೆ. ಅವಳ ಟ್ರಾನ್ಸ್‌ಸ್ಕ್ರಿಪ್ಟಿಗಾಗಿ ಜೊತೆಗೆ ಹೋಗಿದ್ದೆ. ಅವಳು ಚಲನ್ ಹಿಡಿದು ಕೌಂಟರಿನಿಂದ ಕೌಂಟರಿಗೆ ಅಲೆಯುತ್ತಿದ್ದರೆ ನಾನು ಆ ಅರ್ಧ ವೃತ್ತಗಳನ್ನೇ ನೋಡುತ್ತ ನಿಂತುಬಿಟ್ಟೆ.

“ಮೇಡಂ, ಕವರಿನ ನಡುವೆ ಅಚ್ಚುಕಟ್ಟಾಗಿ ಒತ್ತಬಾರದಾ? ಇಲ್ಲಿ ಅಕ್ಷರಗಳೇ ಸರಿಯಾಗಿ ಮೂಡಿಲ್ಲವಲ್ಲ” ಎಂದೆ.

“ನಡುವೆ ಹಾಕಿ ಏನು ಬಂತು ಸರ್? ಯಾರಾದ್ರೂ ಬಿಚ್ಚಿದ್ರೆ ಗೊತ್ತಾಗ್ಬೇಕಲ್ಲ” ಎಂದರು ತಲೆ ಎತ್ತದೆ.

ನನ್ನ ಕುತೂಹಲ ಕಂಡು ಅವರಿಗೂ ಹುರುಪು ಬಂತು. ಗೋದ್ರೆಜ್ ಬೀರುವಿನ ಕೆಳಗಿನ ಅರೆಯಿಂದ ಹಳೆಯ ಉಬ್ಬುಮುದ್ರೆಯ ಯಂತ್ರವನ್ನು ಅಟೆಂಡರ್ ಕೈಯಲ್ಲಿ ಹೊರಗೆ ತೆಗೆಸಿದರು. ಎರಕದ ಕಬ್ಬಿಣದ್ದು, ಮೇಲೊಂದು ಉದ್ದ ಹಿಡಿ, ಬಾಯಲ್ಲಿ ಎರಡು ಬಿಲ್ಲೆ. ಒಂದರಲ್ಲಿ ಲಾಂಛನ ತಗ್ಗಾಗಿ ಕೊರೆದಿದೆ, ಇನ್ನೊಂದರಲ್ಲಿ ಅದೇ ಲಾಂಛನ ಉಬ್ಬಾಗಿದೆ. ನಡುವೆ ಕಾಗದವಿಟ್ಟು ಹಿಡಿಯನ್ನು ಅದುಮಿದರೆ ಶಾಯಿಯಿಲ್ಲದೆ ಕಾಗದವೇ ಎದ್ದು ನಿಲ್ಲುತ್ತದೆ. ಕಣ್ಣಿಗಿಂತ ಬೆರಳಿಗೆ ಚೆನ್ನಾಗಿ ಕಾಣುವ ಮುದ್ರೆ ಅದು. ಜೆರಾಕ್ಸ್ ಯಂತ್ರಕ್ಕೆ ಸಿಕ್ಕುವುದು ಅದರ ಮಸುಕು ನೆರಳು ಮಾತ್ರ. ಈಗ ಪದವಿ ಪತ್ರಗಳು ಲಾಂಛನ ಅಚ್ಚಾಗಿಯೇ ಬರುವುದರಿಂದ ಇದಕ್ಕೆ ಕೆಲಸ ಕಡಿಮೆ. ನನಗೆ ಆಸೆ ತಡೆಯಲಿಲ್ಲ. ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿದು, ಇದರ ಮೇಲೊಂದು ಒತ್ತಿಕೊಡಿ, ನೆನಪಿಗೆ ಇಟ್ಟುಕೊಳ್ಳುತ್ತೇನೆ ಎಂದು ಕೇಳಿದೆ.

“ಖಾಲಿ ಹಾಳೆ ಮೇಲೆ ಒತ್ತೋ ಹಾಗಿಲ್ಲ ಸರ್. ಮೊದಲು ಬರಹ, ಆಮೇಲೆ ಸಹಿ, ಕೊನೆಗೆ ಮೊಹರು. ನಾನು ಒತ್ತಿಕೊಟ್ಟ ಮೇಲೆ ನೀವು ಅದರಲ್ಲಿ ಏನು ಬೇಕಾದ್ರೂ ಬರ್ಕೋಬಹುದು.” ಯಂತ್ರ ಬೀರುವಿಗೆ ಮರಳಿತು, ಕೀಲಿ ತಿರುಗಿತು.

ವಿಶ್ವವಿದ್ಯಾಲಯದ ಮೊಹರಿನ ನಿಯಮಗಳ ಕುರಿತು ಆಮೇಲೆ ಎಷ್ಟೋ ಪುಟ ಓದಿದೆ. ಆ ಮೂರು ಮಾತಿನಲ್ಲಿ ಅಡಗದೆ ಉಳಿದದ್ದು ಹೆಚ್ಚೇನಿಲ್ಲ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000 ಪ್ರತಿ ವಿಶ್ವವಿದ್ಯಾಲಯವನ್ನೂ ಶಾಶ್ವತ ಉತ್ತರಾಧಿಕಾರ ಮತ್ತು ಸಾಮಾನ್ಯ ಮೊಹರು ಉಳ್ಳ ನಿಗಮಿತ ಸಂಸ್ಥೆ ಎನ್ನುತ್ತದೆ. ಕುಲಪತಿಗಳು ಬದಲಾಗುತ್ತಾರೆ, ಸಿಂಡಿಕೇಟ್ ಸದಸ್ಯರು ಬಂದು ಹೋಗುತ್ತಾರೆ. ಜಮೀನು ಕೊಂಡದ್ದು, ಕರಾರು ಮಾಡಿಕೊಂಡದ್ದು, ಪದವಿ ಕೊಟ್ಟದ್ದು ಮಾತ್ರ ಸಂಸ್ಥೆ. ಕೈಯಿಲ್ಲದ ಆ ಸಂಸ್ಥೆ ಸಹಿ ಮಾಡುವುದು ಮೊಹರಿನಿಂದ. ಅದನ್ನು ಕಾಯುವವರು ಕುಲಸಚಿವರು. ಕುಲಪತಿಗಳ ಕೋಣೆ ಎಷ್ಟೇ ದೊಡ್ಡದಿರಲಿ, ಮೊಹರಿನ ಬೀಗದ ಕೈ ಅಲ್ಲಿರುವುದಿಲ್ಲ. ಆದೇಶ ಕೊಡುವವರು ಒಬ್ಬರು, ಒತ್ತುವವರು ಇನ್ನೊಬ್ಬರು, ಯಾವ ದಿನ ಯಾವ ಕಾಗದಕ್ಕೆ ಬಿತ್ತೆಂದು ಬರೆದಿಡುವ ಪುಸ್ತಕ ಬೇರೊಂದು. ಹಳೆಯ ಆಡಳಿತದವರು ಇಷ್ಟು ಅಪನಂಬಿಕೆಯಿಂದ ನಿಯಮ ಕಟ್ಟಿದ್ದರಲ್ಲ ಎಂದು ನನಗೆ ಅವರ ಮೇಲೆ ಗೌರವ ಹೆಚ್ಚಿತು. ಕಂಪನಿಗಳಿಗೆ ಸಾಮಾನ್ಯ ಮೊಹರು ಕಡ್ಡಾಯವಲ್ಲ ಎಂದು 2015ರಲ್ಲೇ ಕಾಯ್ದೆ ತಿದ್ದುಪಡಿಯಾಗಿದೆ. ನಮ್ಮ ವಿಶ್ವವಿದ್ಯಾಲಯಗಳು ಇನ್ನೂ ಬಿಟ್ಟುಕೊಟ್ಟಿಲ್ಲ.

ಆದರೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಸಂದಿಯ ವಿಷಯ. ಒಮ್ಮೆ ಗಮನಿಸಿದ ಮೇಲೆ ಎಲ್ಲೆಲ್ಲೂ ಅದೇ ಕಂಡಿತು. ಹಾಲ್ ಟಿಕೆಟ್ಟಿನ ಭಾವಚಿತ್ರದ ಮೇಲೆ ಪ್ರಾಂಶುಪಾಲರ ಸೀಲು ಅರ್ಧ ಕೆನ್ನೆಗೆ, ಅರ್ಧ ಕಾಗದಕ್ಕೆ ಬಿದ್ದಿರುತ್ತದೆ. ಮುಖ ಬದಲಿಸಿದರೆ ವೃತ್ತ ಮುರಿಯುತ್ತದೆ. ಬಹಳ ಪುಟಗಳ ದಾಖಲೆಯಾದರೆ ಮೂಲೆಗಳನ್ನು ಬೀಸಣಿಗೆಯಂತೆ ಬಿಡಿಸಿ ಎಲ್ಲಕ್ಕೂ ತಾಗುವಂತೆ ಒಂದೇ ಸೀಲು ಒತ್ತುವವರಿದ್ದಾರೆ. ನಡುವಿನ ಪುಟ ಎಗರಿಸಿದರೆ ಅಲ್ಲೊಂದು ಹೋಳು ಕಾಣೆ.

ನಮ್ಮ ತಾಮ್ರಪಟಗಳನ್ನು ಮಾಡಿದವರಿಗೂ ಇದು ಗೊತ್ತಿತ್ತು. ತಗಡುಗಳಿಗೆ ತೂತು ಕೊರೆದು ಬಳೆ ಪೋಣಿಸಿ, ಬಳೆಯ ಎರಡು ತುದಿ ಕೂಡುವಲ್ಲೇ ಮುದ್ರೆಯನ್ನು ಬೆಸೆಯುತ್ತಿದ್ದರು. ಗಂಗರದಾದರೆ ಆನೆ, ಬಾದಾಮಿ ಚಾಲುಕ್ಯರದಾದರೆ ವರಾಹ, ಕದಂಬರದಾದರೆ ಸಿಂಹ. ಬಳೆ ಕತ್ತರಿಸದೆ, ಮುದ್ರೆ ಕೀಳದೆ ಒಂದು ತಗಡನ್ನೂ ಬದಲಿಸುವಂತಿಲ್ಲ. ಅದಕ್ಕೇ ಹಳೆಯ ಶಾಸನ ಸಂಪುಟಗಳಲ್ಲಿ ಪಂಡಿತರು ತಾಮ್ರಪಟ ತಮ್ಮ ಕೈಗೆ ಬಂದಾಗ ಬಳೆ ಆಗಲೇ ಕತ್ತರಿಸಿತ್ತೋ ಇಲ್ಲವೋ ಎಂದು ತಪ್ಪದೆ ದಾಖಲಿಸುತ್ತಾರೆ. ಹಾಗಿದ್ದೂ ಕೂಟಶಾಸನಗಳು, ಅಂದರೆ ಖೋಟಾ ಶಾಸನಗಳು, ಹುಟ್ಟಿದವು. ಶಾಸನತಜ್ಞ ಬಿ.ಎಲ್. ರೈಸ್ ಪ್ರಕಟಿಸಿದ ಗಂಗರ ತಾಮ್ರಪಟಗಳಲ್ಲಿ ಎಷ್ಟನ್ನೋ ಇನ್ನೊಬ್ಬ ಶಾಸನತಜ್ಞ ಜೆ.ಎಫ್. ಫ್ಲೀಟ್ ಖೋಟಾ ಎಂದು ತಳ್ಳಿಹಾಕಿ ದೊಡ್ಡ ಜಗಳವೇ ಆಯಿತು. ನನ್ನ ಮೆಚ್ಚಿನ ಪ್ರಸಂಗ ಮಾತ್ರ ಉತ್ತರದ್ದು. ನಮ್ಮ ಇಮ್ಮಡಿ ಪುಲಕೇಶಿಯ ಎದುರಾಳಿ ಹರ್ಷವರ್ಧನ ತನ್ನ ಮಧುಬನ್ ತಾಮ್ರಶಾಸನದಲ್ಲಿ ಹೇಳುತ್ತಾನೆ: ಸೋಮಕುಂಡಕಾ ಎಂಬ ಹಳ್ಳಿಯನ್ನು ವಾಮರಥ್ಯನೆಂಬ ಬ್ರಾಹ್ಮಣ ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದ, ಆ ಪಟವನ್ನು ಒಡೆದುಹಾಕಿ ಹಳ್ಳಿಯನ್ನು ಬೇರೆಯವರಿಗೆ ಕೊಡಲಾಗಿದೆ. ಏಳನೆಯ ಶತಮಾನದ ನಕಲಿ ಸರ್ಟಿಫಿಕೇಟ್ ಪ್ರಕರಣ! ನಕಲಿಯನ್ನು ನಾಶಮಾಡಿದ ಸಂಗತಿಯನ್ನು ಅಸಲಿಯಲ್ಲೇ ಬರೆದಿಟ್ಟ ಆ ಕಚೇರಿಯ ಜಾಣತನಕ್ಕೆ ಕೈಮುಗಿಯಬೇಕು.

ಅದೇ ಹರ್ಷನ ಮುದ್ರೆಗಳು, ಕಾಮರೂಪದ ಭಾಸ್ಕರವರ್ಮನ ಮುದ್ರೆಗಳು ನಳಂದದ ಉತ್ಖನನದಲ್ಲಿ ಸಿಕ್ಕಿವೆ. ಜೊತೆಗೆ ನಳಂದದ್ದೇ ಮುದ್ರೆಗಳು ರಾಶಿ ರಾಶಿ: ಮೇಲೆ ಧರ್ಮಚಕ್ರ, ಅದರ ಎರಡೂ ಬದಿಗೆ ಜಿಂಕೆ, ಕೆಳಗೆ ಶ್ರೀ ನಾಲಂದಾ ಮಹಾವಿಹಾರದ ಆರ್ಯಭಿಕ್ಷು ಸಂಘದ್ದು ಎಂಬ ಬರಹ. ಯಾವ ಆಚಾರ್ಯನ ಹೆಸರೂ ಇಲ್ಲ. ಸಂಘಕ್ಕೇ ಸೇರಿದ ಮೊಹರು ಎಂಬ ಕಲ್ಪನೆ ನಮಗೆ ಬ್ರಿಟಿಷರ ಕಾಯ್ದೆಯಿಂದಲೇ ಬಂತು ಎನ್ನುವವರು ಆ ಜೇಡಿಮಣ್ಣಿನ ಬಿಲ್ಲೆಗಳನ್ನೊಮ್ಮೆ ನೋಡಬೇಕು.

ಮೊಹರಿನೊಳಗೆ ಏನಿರಬೇಕು ಎಂಬುದರಲ್ಲಿ ನಮ್ಮವರದು ಒಳ್ಳೆಯ ಅಭಿರುಚಿ. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾಲಯ ಅರಸರ ಗಂಡಭೇರುಂಡವನ್ನೇ ಇಟ್ಟುಕೊಂಡಿತು, ಜೊತೆಗೆ ಜ್ಞಾನಕ್ಕೆ ಸಮನಾದದ್ದಿಲ್ಲ ಎನ್ನುವ ಗೀತೆಯ ನುಡಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು ‘ಅರಿವೇ ಗುರು’. ಕನ್ನಡದ ಆ ಎರಡು ಪದಗಳ ಮುಂದೆ ಉಳಿದವು ಸಪ್ಪೆ ಎಂಬುದು ನನ್ನ ಪಕ್ಷಪಾತ.

ಅಭಿರುಚಿಯಷ್ಟು ಮಿತವ್ಯಯ ನಮಗಿಲ್ಲ. ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳು ಮೊಹರು ಬೇರೆ, ಲೋಗೋ ಬೇರೆ ಎಂದು ಗೆರೆ ಎಳೆದಿವೆ. ಮೊಹರು ಪದವಿ ಪತ್ರ, ಟ್ರಾನ್ಸ್‌ಸ್ಕ್ರಿಪ್ಟ್, ಆಡಳಿತ ಮಂಡಳಿಯ ದಾಖಲೆಗಳಂಥವಕ್ಕೆ; ಟೀ ಶರ್ಟು, ಕಾಫಿ ಲೋಟ, ಫುಟ್‌ಬಾಲ್ ತಂಡಕ್ಕೆ ಲೋಗೋ. ಅಲ್ಲಿನ ಕೆಲವು ಕ್ಯಾಂಪಸ್ಸುಗಳಲ್ಲಿ ನೆಲಕ್ಕೆ ಕೂರಿಸಿದ ಮೊಹರನ್ನು ತುಳಿದರೆ ಪದವಿ ಮುಗಿಯುವುದಿಲ್ಲ ಎಂದು ಹುಡುಗರು ಸುತ್ತು ಹಾಕಿ ನಡೆಯುತ್ತಾರಂತೆ. ಮೂಢನಂಬಿಕೆ ನಮ್ಮ ಗುತ್ತಿಗೆ ಎಂದುಕೊಂಡಿದ್ದವನಿಗೆ ಇದರಿಂದ ಸಮಾಧಾನವಾಯಿತು. ನಮ್ಮಲ್ಲಿ ಒಂದೇ ಲಾಂಛನ ಪದವಿ ಪತ್ರದಲ್ಲೂ ಇರುತ್ತದೆ, ಘಟಿಕೋತ್ಸವದ ಊಟದ ಕೂಪನ್ನಿನಲ್ಲೂ ಇರುತ್ತದೆ. ವಿಚಾರ ಸಂಕಿರಣದ ಫ್ಲೆಕ್ಸು, ಸ್ಮರಣಿಕೆ, ವಾಟ್ಸ್ಆ್ಯಪ್ ಆಮಂತ್ರಣ, ಎಲ್ಲದರಲ್ಲೂ. ಸ್ಪಷ್ಟವಾದ ಚಿತ್ರ ಯಾರ ಫೋನಿನಲ್ಲಿ ಬೇಕಾದರೂ ಸಿಗುವಂತೆ ಮಾಡಿ, ನಕಲಿ ಅಂಕಪಟ್ಟಿ ಸಿಕ್ಕಾಗ ಬೆರಗಾಗುವುದು ವಿಚಿತ್ರ. ಭಾರತೀಯ ನ್ಯಾಯ ಸಂಹಿತೆಯ 341ನೇ ಕಲಂ ಪ್ರಕಾರ ಖೋಟಾ ದಾಖಲೆ ಮಾಡುವ ಉದ್ದೇಶದಿಂದ ನಕಲಿ ಮೊಹರು ಮಾಡಿದರೂ, ಇಟ್ಟುಕೊಂಡರೂ ಏಳು ವರ್ಷದವರೆಗೆ ಸೆರೆ; ಖೋಟಾ ಯಾವುದೆಂಬುದರ ಮೇಲೆ ಜೀವಾವಧಿಗೂ ಅವಕಾಶವಿದೆ. ಸೀಲು ಕೆತ್ತಿಕೊಡುವ ಅಂಗಡಿಯ ಗಾಜಿಗೆ ಈ ಕಲಮನ್ನು ಅಂಟಿಸಿದ್ದನ್ನು ನಾನಂತೂ ಕಂಡಿಲ್ಲ.

ಈಗ ಡಿಜಿಲಾಕರ್ ಬಂದಿದೆ. ಅಲ್ಲಿಂದ ಬರುವ ಪದವಿ ಪತ್ರದಲ್ಲೂ ಲಾಂಛನದ ಚಿತ್ರವಿರಬಹುದು, ಆದರೆ ಕಾವಲು ಕಾಯುವುದು ಆ ಚಿತ್ರವಲ್ಲ, ಕಣ್ಣಿಗೆ ಕಾಣದ ಡಿಜಿಟಲ್ ಸಹಿ. ಒಂದಕ್ಷರ ತಿದ್ದಿದರೂ ಸಹಿ ತಾಳೆಯಾಗದು. ಪುಟ, ಮಡಿಕೆ, ಭಾವಚಿತ್ರ ಎಂದು ಬೇರೆ ಬೇರೆ ಸಂದಿ ಹುಡುಕಬೇಕಾಗಿಲ್ಲ. ಅಕ್ಷರ ಅಕ್ಷರದ ನಡುವೆಯೂ ಮೊಹರು ಬಿದ್ದಂತೆಯೇ. ತರ್ಕದಲ್ಲಿ ಇದು ಬಳೆಗಿಂತ ಗಟ್ಟಿ ಎಂದು ಒಪ್ಪುತ್ತೇನೆ. ಆದರೂ ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡುವ ಗೋಜಿಗೆ ಹೋಗದೆ, ಸಂಕೇತ ಇದೆ ಎಂಬುದನ್ನೇ ಪುರಾವೆ ಎಂದುಕೊಳ್ಳುವವರು ಇರುವವರೆಗೆ ನನಗೆ ಪೂರ್ತಿ ಭರವಸೆಯಿಲ್ಲ. ಕಾಗದದ ಮೊಹರನ್ನು ಕೊನೆಗೆ ಯಾರಾದರೂ ಮುಟ್ಟಿಯಾದರೂ ನೋಡುತ್ತಿದ್ದರು.

ಮಕ್ಕಳನ್ನು ಹೊರದೇಶಕ್ಕೆ ಕಳಿಸುವವರಿಗೆ ಒಂದು ಮಾತು. ದಾಖಲೆಗಳ ದೃಢೀಕರಣದ ಕುರಿತ 1961ರ ಹೇಗ್ ಒಪ್ಪಂದ ಭಾರತದಲ್ಲಿ 2005ರಲ್ಲಿ ಜಾರಿಗೆ ಬಂತು. ಅದರಂತೆ ವಿದೇಶಾಂಗ ಸಚಿವಾಲಯ ಕೊಡುವ ಅಪೊಸ್ಟಿಲ್ ಚೀಟಿ, ಕನಿಷ್ಠ 9 ಸೆಂ.ಮೀ. ಬದಿಯ ಚೌಕ, ದಾಖಲೆಯ ಸಹಿ ಯಾರದು, ಅವರ ಹುದ್ದೆ ಯಾವುದು, ಮೊಹರು ಯಾರದು ಎಂಬುದಕ್ಕಷ್ಟೇ ಸಾಕ್ಷಿ. ಒಳಗೆ ಬರೆದ ಅಂಕಗಳಿಗಲ್ಲ. ಅದನ್ನು ಸಾಮಾನ್ಯವಾಗಿ ಮೂಲ ಪತ್ರದ ಬೆನ್ನಿಗೇ ಅಂಟಿಸುತ್ತಾರೆ. ಆದ್ದರಿಂದ ಪದವಿ ಪತ್ರ ಕೈಗೆ ಬಂದ ಸಂಜೆಯೇ ಜೆರಾಕ್ಸ್ ಅಂಗಡಿಗೆ ಓಡಿ ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿ ಉರುಳೆಯ ಕೆಳಗೆ ಉಬ್ಬುಮುದ್ರೆ ಚಪ್ಪಟೆಯಾಗುತ್ತದೆ, ಪ್ಲಾಸ್ಟಿಕ್ಕಿನ ಮೇಲೆ ಇನ್ನೊಂದು ಮೊಹರು ಒತ್ತಲು ದೃಢೀಕರಣದ ಕಚೇರಿಯವರು ಒಪ್ಪುವುದಿಲ್ಲ, ಸುಲಿಯಲು ಹೋದರೆ ಸಹಿಯೂ ಜೊತೆಗೇ ಎದ್ದು ಬರುತ್ತದೆ. ಆಮೇಲೆ ಎರಡನೆಯ ಪ್ರತಿಗೆ ಅಫಿಡವಿಟ್ಟು, ಅರ್ಜಿ, ಶುಲ್ಕ, ಸರದಿ. ದಪ್ಪ ಕಾಗದದ ಫೋಲ್ಡರಿನಲ್ಲಿಟ್ಟು ಬೀರುವಿನಲ್ಲಿಡಿ, ಸಾಕು.